ಕೆಳಗಿನ ಧ್ರುವದವರು

ಯಾರಾದರೂ ಅವರೆದುರಿಗೆ ‘ಧ್ರುವ’ ಎಂದರೆ ಸಾಕು, ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟು ಬಲಗೈಯ ತೋರುಬೆರಳನ್ನು ಎತ್ತುತ್ತಿದ್ದರು. ‘ಯಾವುದು? ಮ್ಯಾಲಿಂದೋ, ಕೆಳಗಿಂದೋ?’ ಎಂದು ಕೇಳಿ, ಜವಾಬು ಬರುವವರೆಗೆ ಬೆರಳನ್ನು ಇಳಿಸುತ್ತಿರಲಿಲ್ಲ. ಹೇಳಿದವನು ಪಾಪ, ಮಾತಿಗೆ ಮಾತು ಬಂತೆಂದು ಹೇಳಿರುತ್ತಿದ್ದ. ಬೆಟಗೇರಿಯ ಚಹಾದಂಗಡಿಯಲ್ಲಿ ಕೂತವನಿಗೆ ಮೇಲಿನದಾದರೇನು, ಕೆಳಗಿನದಾದರೇನು? ಎರಡೂ ಕಡೆ ಬರ್ಫ, ಎರಡೂ ಕಡೆ ಚಳಿ. ಅವನು ತಲೆ ಕೆರೆದುಕೊಂಡು ಜಾಗ ಖಾಲಿ ಮಾಡುತ್ತಿದ್ದ.

ನಮ್ಮ ಓಣಿಯ ಮಂದಿ ಹೆಸರಿಡುವುದರಲ್ಲಿ ಜಾಣರು. ಅವರಿಗೆ ‘ಧ್ರುವದವ್ರು’ ಎಂದು ಹೆಸರಿಟ್ಟರು. ಆ ಹೆಸರೂ ಅವರಿಗೆ ಪೂರ್ತಿ ಒಪ್ಪಿಗೆಯಿರಲಿಲ್ಲ. ‘ಲಕೋಟಿ ಮ್ಯಾಲ ಬರೇ ಪ್ಯಾಟಿ ಅಂತ ಬರದ್ರ ಟಪಾಲು ಮುಟ್ಟತೈತೇನ್ರಿ?’ ಎಂದು ನನ್ನನ್ನು ಕೇಳಿದ್ದರು. ನಾನು ಛಾಪಖಾನೆ ನಡೆಸುವವನು, ವಿಳಾಸದ ಬೆಲೆ ನನಗೆ ತಿಳಿದಿರಬೇಕೆಂದು ಅವರ ಎಣಿಕೆ.

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಅವರ ಬಗ್ಗೆ ಬರೆಯಬೇಕೆನಿಸಿದ್ದಕ್ಕೆ ಕಾರಣ ದುಃಖವೊಂದೇ ಅಲ್ಲ, ಸಿಟ್ಟೂ ಇದೆ. ಓಣಿಯ ಮಂದಿ ಈಗಲೂ ಅವರನ್ನು ನೆನೆಯುವಾಗ ‘ಕರಡಿ ನಡುವ ಒಂದು ವರ್ಷ ಇದ್ದು ಬಂದ ಮನಿಷ್ಯಾ’ ಎಂದೇ ಹೇಳುತ್ತಾರೆ. ಆ ಕರಡಿಯನ್ನಾದರೂ ಇಲ್ಲಿ ಓಡಿಸಬೇಕು.

ಅವರ ಊರು ಶಿರಹಟ್ಟಿ. ಸಣ್ಣವರಿದ್ದಾಗಲೇ ತಂದೆಯನ್ನು ಕಳೆದುಕೊಂಡು ಅವ್ವನ ಮತ್ತು ಅಕ್ಕನ ಕೈಯಲ್ಲಿ ಬೆಳೆದವರು. ಸೈನ್ಯ ಸೇರಿ ಜನರೇಟರ್ ರಿಪೇರಿ ಕಲಿತರು. ನಿವೃತ್ತಿಗೆ ತುಸು ಮೊದಲು, ದಕ್ಷಿಣ ಧ್ರುವದ ಖಂಡದಲ್ಲಿರುವ ನಮ್ಮ ದೇಶದ ಠಾಣೆಗೆ ಅವರನ್ನು ಒಂದು ವರ್ಷಕ್ಕೆ ಕಳಿಸಿದರು. ಅಂಥಲ್ಲಿಗೆ ವಿಜ್ಞಾನಿಗಳು ಮಾತ್ರ ಹೋಗುತ್ತಾರೆಂದು ನಾನು ತಿಳಿದಿದ್ದೆ. ಹಾಗಲ್ಲ. ಅಡಿಗೆ ಮಾಡುವವನು, ವೈದ್ಯ, ಜನರೇಟರ್ ನೋಡುವವನು ಇಲ್ಲದೆ ಅಲ್ಲಿ ಯಾವ ವಿಜ್ಞಾನವೂ ನಡೆಯುವುದಿಲ್ಲ. ಮರಳಿ ಬಂದ ಮೇಲೆ ಪಿಂಚಣಿ ಪಡೆದು, ಹೆಂಡತಿಯ ತವರಾದ ಬೆಟಗೇರಿಯಲ್ಲಿ, ನನ್ನ ಛಾಪಖಾನೆಯ ಗೋಡೆಗೆ ಗೋಡೆ ಹಚ್ಚಿದ ಮನೆಯಲ್ಲಿ ನೆಲೆಸಿದರು. ಮಕ್ಕಳಿರಲಿಲ್ಲ.

ಮಾತು ಕಡಿಮೆ, ಆದರೆ ವಿಚಿತ್ರವಾದ ಕೆಲವು ರೂಢಿಗಳಿದ್ದವು. ಬಾಗಿಲು ಹಾಕಿದರೆ ಚಿಲಕವನ್ನು ಮತ್ತೊಮ್ಮೆ ಜಗ್ಗಿ ನೋಡುತ್ತಿದ್ದರು. ಮನೆಯಿಂದ ಹೊರಬಿದ್ದರೆ ನನ್ನ ಕಿಟಕಿಯೊಳಗೆ ಮುಖ ಹಾಕಿ, ‘ಚೌಕಿನ ತನಕ ಹೊಂಟೀನ್ರಿ, ಚಹಾ ಕುಡದು ಬರ್ತೀನಿ’ ಎಂದು ಹೇಳಿಯೇ ಹೋಗುತ್ತಿದ್ದರು. ಒಂದು ತಿಂಗಳು ಸಹಿಸಿದೆ. ಆಮೇಲೆ, ನೀವು ಚಹಾ ಕುಡಿಯುವುದಕ್ಕೂ ನಾನು ಮುದ್ರೆ ಒತ್ತಬೇಕೇನು ಎಂದು ರೇಗಿದೆ. ಅವರು ಬೇಸರಪಡಲಿಲ್ಲ. ಅಲ್ಲಿ ಯಾರೂ ಹೇಳದೆ ಹೊರಗೆ ಹೋಗುವಂತಿಲ್ಲ, ಗಾಳಿ ಎದ್ದರೆ ಎದುರಿನ ಕೈ ಕಾಣುವುದಿಲ್ಲ, ಹೇಳದೆ ಹೋದವನನ್ನು ಹುಡುಕಲು ಹೋಗಿ ಮತ್ತಿಬ್ಬರು ಸಾಯುತ್ತಾರೆ ಎಂದು ವಿವರಿಸಿದರು. ‘ರೂಢಿ ಬಿದ್ದೈತ್ರಿ. ಯಾರಿಗರೆ ಹೇಳಿ ಹೋದ್ರ ಕಾಲಿಗೆ ಧೈರ್ಯ ಬರ್ತೈತಿ’ ಎಂದರು. ಅಂದಿನಿಂದ ಅವರು ಮರಳಿ ಬಂದದ್ದನ್ನು ನೋಡದೆ ನಾನು ಛಾಪಖಾನೆಗೆ ಬೀಗ ಹಾಕುತ್ತಿರಲಿಲ್ಲ. ಹಾಳು ರೂಢಿ ನನಗೂ ಬಿತ್ತು.

ಬೆಟಗೇರಿ ಅಂದರೆ ಮಗ್ಗದ ಸಪ್ಪಳ. ನಾವು ಹುಟ್ಟಿದಾಗಿನಿಂದ ಕೇಳುತ್ತಿರುವ ಸಪ್ಪಳವಾದ್ದರಿಂದ ನಮಗದು ಕೇಳಿಸುವುದೇ ಇಲ್ಲ. ಕರೆಂಟು ಹೋದಾಗ ವಿದ್ಯುತ್ ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ, ಆಗ ನಾವು ‘ಹೋತು ನೋಡು’ ಎಂದು ಹೊರಗೆ ಬಂದು ಹರಟೆ ಹೊಡೆಯುತ್ತೇವೆ. ಅವರು ಮಾತ್ರ ಆ ಕ್ಷಣಕ್ಕೆ ಎದ್ದು ನಿಲ್ಲುತ್ತಿದ್ದರು. ಊಟಕ್ಕೆ ಕೂತಿದ್ದರೆ ಊಟ ಬಿಟ್ಟು ಏಳುತ್ತಿದ್ದರು, ಮುಖ ಬಿಳುಚಿರುತ್ತಿತ್ತು. ಅಲ್ಲಿ ಯಂತ್ರದ ಸಪ್ಪಳ ನಿಂತರೆ ಒಲೆಯಿಲ್ಲ, ನೀರಿಲ್ಲ, ಬಿಸಿಯಿಲ್ಲ. ಇಡೀ ಠಾಣೆಯ ಜೀವ ಅವರ ಕಿವಿಯಲ್ಲಿತ್ತು. ವರ್ಷಗಳು ಕಳೆದರೂ ಕಿವಿ ಆ ಕೆಲಸದಿಂದ ನಿವೃತ್ತವಾಗಲಿಲ್ಲ.

ಕರೆಂಟು ಹೋದ ಅಂಥ ಮಧ್ಯಾಹ್ನಗಳಲ್ಲಿ ನನ್ನ ಛಾಪಖಾನೆಗೆ ಬಂದು ಕಾಗದದ ರೀಮಿನ ಮೇಲೆ ಕೂಡುತ್ತಿದ್ದರು. ಧ್ರುವಗಳ ಪಾಠ ನನಗೆ ಆದದ್ದು ಅಲ್ಲಿಯೇ. ಒಂದು ಬೇಸಿಗೆಯಲ್ಲಿ ಲಿಂಬಿ ಶರಬತ್ತಿನ ಗ್ಲಾಸನ್ನು ಮುಂದಿಟ್ಟುಕೊಂಡು ತೋರಿಸಿದರು. ತುಂಬಿದ ಗ್ಲಾಸಿನಲ್ಲಿ ತೇಲುತ್ತಿರುವ ಬರ್ಫದ ತುಂಡು ಮೇಲಿನ ಧ್ರುವ. ಅಲ್ಲಿ ಕೆಳಗೆ ಬರೀ ಸಮುದ್ರ, ಸುತ್ತ ನೆಲ, ಆ ನೆಲದ ಮೇಲೆ ತಲೆತಲಾಂತರದಿಂದ ಬದುಕಿದ ಮಂದಿ, ಅವರ ಊರು, ಅಂಗಡಿ, ಮಕ್ಕಳ ಶಾಲೆ, ವಿಮಾನ ಇಳಿಯುವ ಜಾಗ. ಕರಡಿ ಇರುವುದೂ ಅಲ್ಲಿಯೇ. ಕೆಳಗಿನದು ಇದರ ತಿರುಗುಮುರುಗು. ಅಲ್ಲಿ ನಡುವೆ ನೆಲ, ಸುತ್ತ ಸಮುದ್ರ. ನೆಲವೆಂದರೆ ಒಂದು ಖಂಡ, ಗುಡ್ಡ ಕಣಿವೆಗಳಿರುವ ಖಂಡ, ಅದರ ಮೇಲೆ ಮೈಲುಗಟ್ಟಲೆ ದಪ್ಪದ ಬರ್ಫ. ಅಲ್ಲಿ ಹುಟ್ಟಿದ ಊರೆಂಬುದು ಯಾರಿಗೂ ಇಲ್ಲ. ಸಮುದ್ರದಂಚಿಗೆ ಪೆಂಗ್ವಿನ್ ಬರುತ್ತವೆ, ಒಳಗೆ ಅದೂ ಇಲ್ಲ. ಮೇಲಿನದಕ್ಕಿಂತ ಎತ್ತರ, ಮೇಲಿನದಕ್ಕಿಂತ ಚಳಿ.

ಹೀಗೆ ಹೇಳುತ್ತ ಹೇಳುತ್ತ ಗ್ಲಾಸಿನೊಳಗಿನ ಬರ್ಫ ಕರಗಿತ್ತು. ಶರಬತ್ತು ಅಂಚು ದಾಟಿರಲಿಲ್ಲ. ಆಮೇಲೆ, ಇದು ಕೆಳಗಿನದು, ನೆಲದ ಮೇಲಿನ ಬರ್ಫ ಎಂದು ಹೊರಗಿನ ತಾಟಿನಲ್ಲಿದ್ದ ಮತ್ತೊಂದು ತುಂಡನ್ನು ತುಂಬಿದ ಗ್ಲಾಸಿಗೆ ಹಾಕಿದರು. ಶರಬತ್ತು ಉಕ್ಕಿ, ಮುದ್ರಿಸಿಟ್ಟಿದ್ದ ಯಾರದೋ ಮದುವೆಯ ಆಮಂತ್ರಣದ ಮೇಲೆ ಹರಿಯಿತು. ನಾನು ಬೈದೆ. ಅವರಿಗೆ ಅದರ ಕಡೆ ಲಕ್ಷ್ಯವಿರಲಿಲ್ಲ.

‘ಮ್ಯಾಲಿಂದು ಕರಗಿದ್ರ ಕರಡಿಗೆ ತ್ರಾಸು, ಕೆಳಗಿಂದು ಕರಗಿದ್ರ ಎಲ್ಲಾರಿಗೂ ತ್ರಾಸು’ ಎಂದರು. ಪತ್ರಿಕೆಯಲ್ಲಿ ಅಲ್ಲಿಯ ಬರ್ಫದ ಸುದ್ದಿ ಬಂದ ದಿನ ಅವರ ಮುಖ ನೋಡುವಂತಿರುತ್ತಿರಲಿಲ್ಲ, ತಮ್ಮ ಮನೆಯ ಗೋಡೆ ಬಿರಿದಂತೆ ಚಿಂತೆ ಮಾಡುತ್ತಿದ್ದರು.

ಇಷ್ಟೇ ಆಗಿದ್ದರೆ ಅವರನ್ನು ಓಣಿಯ ಒಬ್ಬ ತಮಾಷೆಯ ಮನುಷ್ಯ ಎಂದು ಬರೆದು ಮುಗಿಸಬಹುದಿತ್ತು. ಆದರೆ ಎರಡು ಧ್ರುವಗಳ ನಡುವಿನ ಈ ವ್ಯತ್ಯಾಸ ಅವರಿಗೆ ಭೂಗೋಳದ ವಿಷಯವಾಗಿರಲಿಲ್ಲ. ಅದು ಅವರ ಮತ್ತು ಅವರ ಅಕ್ಕನ ನಡುವೆ ಬಿದ್ದಿದ್ದ ಗೋಡೆಯಾಗಿತ್ತು. ಅಕ್ಕ ಒಮ್ಮೆ ತನ್ನ ಮಾತನ್ನು ನಂಬಬೇಕು, ಅಷ್ಟೇ ಆ ಮನುಷ್ಯನಿಗೆ ಬೇಕಾಗಿದ್ದದ್ದು.

ಅವರು ಅಲ್ಲಿದ್ದ ವರ್ಷ, ಇಲ್ಲಿ ಕಾರಹುಣ್ಣಿಮೆ ಮುಗಿದ ಮೇಲೆ, ಶಿರಹಟ್ಟಿಯಲ್ಲಿ ಅವರ ಅವ್ವ ತೀರಿಕೊಂಡರು. ಅವ್ವ ಇದ್ದದ್ದು ಅಕ್ಕನ ಮನೆಯಲ್ಲಿ. ಇವರಿಗೆ ಫೋನಿನಲ್ಲಿ ಸುದ್ದಿ ಮುಟ್ಟಿತು. ಅಕ್ಕ ಕೇಳಿದ್ದು ಒಂದೇ ಮಾತು, ಯಾವಾಗ ಹೊಂಟಿ ಎಂದು. ಇವರು ‘ಬರಾಕ ಆಗೂದಿಲ್ಲಕ್ಕಾ’ ಎಂದರು. ಮುಂದೆ ವಿವರಿಸುವಷ್ಟರಲ್ಲಿ ಫೋನು ಕಡಿಯಿತು. ಮತ್ತೆ ಹಚ್ಚಿದಾಗ ಅಕ್ಕ ಎತ್ತಲಿಲ್ಲ.

ನಮ್ಮ ಕಡೆ ಸತ್ತವರನ್ನು ಕಾಣಲು ಹೋಗುವುದಕ್ಕೆ ‘ಮಣ್ಣಿಗೆ ಹೋಗೂದು’ ಎನ್ನುತ್ತೇವೆ. ಕುಣಿಯೊಳಗೆ ದೇಹವನ್ನು ಕೂಡಿಸಿ, ವಿಭೂತಿ ಪತ್ರಿ ಏರಿಸಿದ ಮೇಲೆ, ಕರುಳಿನವರು ಒಬ್ಬೊಬ್ಬರೇ ಬಂದು ಹಿಡಿಮಣ್ಣು ಹಾಕಬೇಕು. ಮದುವೆಗೆ ಬಾರದವರನ್ನು ನಾವು ಮರೆಯುತ್ತೇವೆ, ಮಣ್ಣಿಗೆ ಬಾರದವರನ್ನು ಮರೆಯುವುದಿಲ್ಲ. ಅದರಲ್ಲೂ ಒಬ್ಬನೇ ಮಗ. ಆಗೂದಿಲ್ಲ ಎಂದಿದ್ದರೂ ಬಂದೇ ಬರುತ್ತಾನೆಂದು ಅಕ್ಕ ಮರುದಿನ ಸಂಜೆಯವರೆಗೆ ದೇಹವನ್ನು ಇಟ್ಟುಕೊಂಡು ಕಾದರಂತೆ. ಕೊನೆಗೆ ಬೆಟಗೇರಿಯಿಂದ ಹೋದ ಸೊಸೆ, ಎಂದರೆ ಇವರ ಹೆಂಡತಿ, ಗಂಡನ ಪರವಾಗಿ ಹಿಡಿಮಣ್ಣು ಹಾಕಿ ಬಂದರು.

ಬಿಡಿಸಿ ಹೇಳುವುದಾದರೆ ಅವರಿಗೆ ಬರುವ ದಾರಿಯೇ ಇರಲಿಲ್ಲ. ನಮ್ಮ ಮಳೆಗಾಲದ ಆರಂಭ ಅಲ್ಲಿ ನಡುಚಳಿಗಾಲ. ಸಮುದ್ರ ಹೆಪ್ಪುಗಟ್ಟಿ ಹಡಗು ಹತ್ತಿರ ಬರುವುದಿಲ್ಲ, ವಿಮಾನ ಇಳಿಯುವುದಿಲ್ಲ, ವಾರಗಟ್ಟಲೆ ಸೂರ್ಯನೇ ಮೇಲೇಳುವುದಿಲ್ಲ. ಬೇಸಿಗೆಯ ಕೊನೆಯ ಹಡಗು ಹೋದ ಮೇಲೆ ಉಳಿದವರು ಉಳಿದರು. ಅವರಿಗೆ ಏನೇ ಆಗಲಿ, ಅವರ ಮನೆಯಲ್ಲಿ ಏನೇ ಆಗಲಿ, ಮುಂದಿನ ಬೇಸಿಗೆಯವರೆಗೆ ಕಾಯಬೇಕು.

ಇದನ್ನು ಅಕ್ಕನಿಗೆ ತಿಳಿಸಿ ಹೇಳುವುದು ಕಷ್ಟವಿರಲಿಲ್ಲ, ಲಕ್ಷ್ಮೇಶ್ವರದ ಆ ಒಬ್ಬ ಹುಡುಗ ಇಲ್ಲದಿದ್ದರೆ. ಅವನೂ ಧ್ರುವದಲ್ಲಿ ಸಂಶೋಧನೆಗೆಂದು ಹೋಗಿದ್ದವನು. ಅದೇ ವರ್ಷ ಅವನ ತಂದೆ ತೀರಿಕೊಂಡಾಗ, ಬರ್ಫದ ಪೆಟ್ಟಿಗೆಯಲ್ಲಿ ದೇಹ ಇಟ್ಟು ಕಾದರು, ಅವನು ವಿಮಾನ ಬದಲಿಸುತ್ತ ಬದಲಿಸುತ್ತ ಬಂದು ಮಣ್ಣು ಕೊಟ್ಟ. ಲಕ್ಷ್ಮೇಶ್ವರದ ಸುದ್ದಿ ಶಿರಹಟ್ಟಿಗೆ ಮುಟ್ಟಲು ಎಷ್ಟು ಹೊತ್ತು? ಅವನಿದ್ದದ್ದು ಮೇಲಿನ ಧ್ರುವದ ಕಡೆ, ಊರಿರುವ ಕಡೆ, ವಿಮಾನವಿರುವ ಕಡೆ. ಅದನ್ನು ಯಾರು ನೋಡುತ್ತಾರೆ? ಧ್ರುವದಿಂದ ಒಬ್ಬ ಮಗ ಬಂದ, ಇನ್ನೊಬ್ಬ ಮಗ ಬರಲಿಲ್ಲ. ಶಿರಹಟ್ಟಿಯ ಮಂದಿ ಲೆಕ್ಕ ಮುಗಿಸಿದರು.

ಒಮ್ಮೆ ಆಮಂತ್ರಣ ಪತ್ರಿಕೆ ಮುಟ್ಟಿಸುವ ನೆಪದಲ್ಲಿ ನಾನೇ ಶಿರಹಟ್ಟಿಗೆ ಹೋಗಿ ಅಕ್ಕನೊಂದಿಗೆ ಮಾತಾಡಿ ಬಂದೆ. ಗಟ್ಟಿ ಹೆಂಗಸು, ಮಾತಿನಲ್ಲಿ ಒಡಕಿಲ್ಲ. ತಮ್ಮನ ಪರವಾಗಿ ನಾನು ಹೇಳಿದ್ದನ್ನೆಲ್ಲ ತಡೆಯದೆ ಕೇಳಿದರು.

‘ನಡು ಮಧ್ಯಾನ್ನ ಸೂರ್ಯಾ ಇರಲಿಲ್ಲಂತ. ನಮಗ ಸೆಕಿ ಇದ್ದಾಗ ಅಲ್ಲಿ ಚಳಿಗಾಲಂತ. ಬರ್ಫದ ಬುಡಕ ಮಣ್ಣಂತ. ಒಂದರ ಮಾತು ನಂಬೂವಂಗ ಐತೇನ್ರಿ?’ ಎಂದರು. ‘ಲಕ್ಷ್ಮೇಶ್ವರದಾಂವ ಬಂದ್ನಲ್ಲ. ಇಂವಾ ಬರ್ಲಿಲ್ಲ. ನಾ ಅವ್ವನ್ನ ಮರುದಿನದ ತನಕ ಕುಂದ್ರಿಸಿಕೊಂಡು ಹಾದಿ ನೋಡಿದಾಕಿ.’

ಕೆಳಗಿನ ಧ್ರುವದ ನಿಜವೆಲ್ಲ ಹೀಗೆಯೇ, ಹೇಳಿದರೆ ನೆವ ಹೇಳಿದಂತೆ ಕೇಳಿಸುತ್ತದೆ. ಮರಳಿ ಬಂದು ಅವರಿಗೆ ಒಂದು ಉಪಾಯ ಹೇಳಿದೆ. ಸಾಹೇಬರು ರಜೆ ಕೊಡಲಿಲ್ಲ ಎಂದುಬಿಡಿ, ರಜೆ ಕೊಡದ ಸಾಹೇಬನನ್ನು ಜಗತ್ತಿನಲ್ಲಿ ಎಲ್ಲರೂ ನಂಬುತ್ತಾರೆ, ಅಕ್ಕನೂ ನಂಬುತ್ತಾರೆ, ಇಬ್ಬರೂ ಕೂಡಿ ಆ ಸಾಹೇಬನನ್ನು ಬೈದು ಒಂದಾಗಿಬಿಡಿ ಎಂದೆ. ಅವರ ಹೆಂಡತಿಗೂ ಈ ಮಾತು ಸರಿ ಕಂಡಿತು. ಅವರು ಮಾತ್ರ ಅಡ್ಡಡ್ಡ ತಲೆಯಾಡಿಸಿದರು.

‘ಯಾರೂ ಒಲ್ಲೆ ಅನ್ಲಿಲ್ರಿ. ಸಾಹೇಬ್ರು ನನ್ನ ಜೋಡಿ ಕುಂತು ಅತ್ರು. ದಾರೀನ ಇರಲಿಲ್ಲ. ಅವ್ವನ ಮಾತಿನ್ಯಾಗ ಸುಳ್ಳು ಹೆಂಗ ಹೇಳ್ಲಿ?’

ಹಟಮಾರಿ. ಜೀವವಿರುವ ತನಕ ನಾನು ಅವರನ್ನು ಈ ಒಂದು ಮಾತಿಗಾಗಿ ಬೈಯುತ್ತಲೇ ಇದ್ದೆ.

ಒಮ್ಮೆ ಮಾತ್ರ ಎಲ್ಲ ಸರಿಯಾಗುವುದರಲ್ಲಿತ್ತು. ಅವರು ಬಂದ ವರ್ಷ ನಮ್ಮ ಓಣಿಯ ತರುಣರು ಗಣಪತಿ ಮಂಟಪದಲ್ಲಿ ಅವರದೇ ದೃಶ್ಯ ಮಾಡಿದರು. ಥರ್ಮಾಕೋಲಿನ ಗುಡ್ಡ, ಮಾರ್ಕೆಟಿನಿಂದ ತಂದ ಅರಳೆಯ ಬರ್ಫ, ಮಗ್ಗದ ಮನೆಗಳಿಂದ ಕೂಡಿಸಿದ ಬಿಳಿ ನೂಲಿನ ಸಿಕ್ಕುಗಳೇ ಹಿಮದ ಸುರಿತ. ಗುಡ್ಡದ ಮೇಲೆ ಗಣಪತಿ. ಕೆಳಗೆ ಸೈನಿಕನ ಅಂಗಿ ತೊಡಿಸಿದ ಒಂದು ಗೊಂಬೆ, ಅದರ ಎಡಕ್ಕೆ ಪೆಂಗ್ವಿನ್, ಬಲಕ್ಕೆ ಬಿಳಿ ಕರಡಿ. ನೋಡಿದ ಕೂಡಲೇ ಇವರ ತೋರುಬೆರಳು ಮೇಲೆದ್ದಿತು. ಕರಡಿ ಪೆಂಗ್ವಿನ್ನಿನ ಮುಖವನ್ನೇ ನೋಡಿಲ್ಲ, ಭೂಮಿಯ ಆ ತುದಿಗೆ ಅದು, ಈ ತುದಿಗೆ ಇದು, ಕರಡಿಯನ್ನು ತೆಗೆಯಿರಿ ಎಂದರು.

ಮಂಡಳದ ಮುಖಂಡ ದಿಗಿಲುಬಿದ್ದ. ‘ಕರಡಿ ಇಲ್ಲಂದ್ರ ಇದು ಧ್ರುವ ಅಂತ ಮಂದಿಗೆ ಹೆಂಗ ತಿಳೀಬೇಕ್ರೀ?’ ಎಂದು ಕೇಳಿದ.

ಅವನ ಕಷ್ಟವೂ ಖರೆ. ಇವರು ಕರಡಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಮಂಟಪದ ಹಿಂದೆ ಇಟ್ಟು ಬಂದರು. ಸಂಜೆಯ ಆರತಿಯ ಹೊತ್ತಿಗೆ ಕರಡಿ ಮತ್ತೆ ತನ್ನ ಜಾಗಕ್ಕೆ ಬಂದಿತ್ತು. ಮರುದಿನ ಮತ್ತೆ ಒಯ್ದರು, ಮತ್ತೆ ಬಂತು. ಓಣಿಗೆಲ್ಲ ನಗೆಯೋ ನಗೆ. ಈ ಕರಡಿಯ ಜಗಳದಲ್ಲಿ, ಹುಡುಗರು ಚಂದಕ್ಕೆಂದು ಮೇಲೆ ದಾರದಿಂದ ಇಳಿಬಿಟ್ಟಿದ್ದ ಆಟಿಕೆಯ ವಿಮಾನ ಅವರ ಕಣ್ಣಿಗೂ ಬೀಳಲಿಲ್ಲ, ನನ್ನ ಕಣ್ಣಿಗೂ ಬೀಳಲಿಲ್ಲ.

ತಮ್ಮನ ಗೊಂಬೆಯನ್ನು ಗಣಪತಿಯ ಪಾದದ ಬಳಿ ಇಟ್ಟಿದ್ದಾರೆಂಬ ಸುದ್ದಿ ಶಿರಹಟ್ಟಿಗೂ ಹೋಯಿತು. ಅಕ್ಕ ಬಂದರು. ಯಾರೂ ಕರೆಯದೆ, ಹೊಸ ಇಳಕಲ್ಲ ಸೀರೆ ಉಟ್ಟು, ಬಸ್ಸಿಳಿದು ನೇರ ಮಂಟಪಕ್ಕೆ ಬಂದರು. ಇವರು ನನ್ನ ಕಿಟಕಿಗೆ ಹೇಳುವುದನ್ನೂ ಮರೆತು ಓಡಿದರು. ಅಕ್ಕ ಕೈಮುಗಿದರು, ಗೊಂಬೆಯನ್ನು ನೋಡಿ ಸಣ್ಣಗೆ ನಕ್ಕರು, ತಮ್ಮನ ಕಡೆ ತಿರುಗಿ ಏನೋ ಹೇಳಬೇಕೆಂದು ಬಾಯಿ ತೆರೆದರು. ಆಗ ಫ್ಯಾನಿನ ಗಾಳಿಗೆ ವಿಮಾನ ಒಂದು ಸುತ್ತು ತಿರುಗಿತು. ಅಕ್ಕನ ಕಣ್ಣು ಅಲ್ಲಿಗೆ ಹೋಯಿತು.

‘ವಿಮಾನ ಬರ್ತಿತ್ತಲ್ಲಪಾ’ ಎಂದರು.

ಇವರು ಹುಡುಗರು ಅಂದಕ್ಕೆ ಹಾಕಿದ್ದೆಂದರು. ಅಲ್ಲಿಗೆ ವಿಮಾನ ಬರುವುದೇ ಇಲ್ಲವೇನು ಎಂದು ಅಕ್ಕ ಕೇಳಿದರು. ಬೇರೆ ಯಾರಾಗಿದ್ದರೂ ಇಲ್ಲ ಎಂದು ಮುಗಿಸುತ್ತಿದ್ದರು. ಈ ಮಹಾನುಭಾವ, ಬೇಸಿಗೆಯಲ್ಲಿ ಬರುತ್ತದೆ, ಚಳಿಗಾಲದಲ್ಲಿ ಬರುವುದಿಲ್ಲ ಎಂದರು. ಅವ್ವ ಹೋದದ್ದು ಸೆಕೆ ಇಳಿಯುವ ಮೊದಲೇ ಅಲ್ಲವೇ ಎಂದರು ಅಕ್ಕ. ಅಲ್ಲಿ ಆಗ ಚಳಿಗಾಲ ಎಂದರು ಇವರು. ಮತ್ತೆ, ಇನ್ನೂ ಹತ್ತಿರ ಹೋಗಿ, ತಾನು ಅಲ್ಲಿಯೇ ಅವ್ವನಿಗೆ ಮಣ್ಣು ಕೊಟ್ಟೆನೆಂದರು. ಊರು ಉತ್ತರಕ್ಕಿತ್ತು, ಉತ್ತರಕ್ಕೆ ಮುಖ ಮಾಡಿ ಹಾಕಿದೆ ಎಂದೂ ಹೇಳಿದರು.

ಅಕ್ಕ ಅರಳೆಯ ರಾಶಿಯನ್ನು ಒಮ್ಮೆ ನೋಡಿದರು. ‘ಇದರಾಗ ಮಣ್ಣ ಎಲ್ಲಿಂದ ತಂದಿ?’ ಎಂದು ಕೇಳಿ, ತಿರುಗಿ ನೋಡದೆ ಬಸ್ ಸ್ಟ್ಯಾಂಡಿಗೆ ಹೊರಟರು.

ಇವರನ್ನು ನಾನು ಮನೆಯವರೆಗೆ ಬಿಟ್ಟು ಬಂದೆ. ಒಂದು ವಾರ ಕಿಟಕಿಗೆ ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಬಂದು ರೀಮಿನ ಮೇಲೆ ಕೂತು, ಆ ಮಣ್ಣಿನ ಸಂಗತಿ ಹೇಳಿದರು. ಆ ಖಂಡವೆಲ್ಲ ಬರ್ಫವಾದರೂ ಅಲ್ಲಲ್ಲಿ ಗಾಳಿ ಕಚ್ಚಿ ಕಚ್ಚಿ ನೆಲ ಬರಿದಾಗಿರುತ್ತದೆ, ಠಾಣೆ ಇದ್ದದ್ದು ಅಂಥ ಕಲ್ಲುನೆಲದ ಮೇಲೆ. ಕಪ್ಪತಗುಡ್ಡದ ಬುಡದ ಗರಸಿನಂಥ ಹರಳು ಮಣ್ಣು, ಆದರೆ ಕಬ್ಬಿಣದಷ್ಟು ಗಟ್ಟಿ. ಮಧ್ಯಾಹ್ನದ ಕತ್ತಲಲ್ಲಿ ಅಡಿಗೆಯವನು ಟಾರ್ಚು ಹಿಡಿದ. ಇವರು ಸ್ಕ್ರೂಡ್ರೈವರಿನಿಂದ ಕೆದರಿ ಕೆದರಿ ಒಂದು ಹಿಡಿ ಮಾಡಿಕೊಂಡರು. ಊರು ಯಾವ ದಿಕ್ಕಿಗೆ ಎಂದು ಹವಾಮಾನದವನನ್ನು ಕೇಳಿದರು. ಇಲ್ಲಿಂದ ಎಲ್ಲರ ಊರೂ ಉತ್ತರಕ್ಕೇ ಎಂದು ಅವನು ಕೈ ಮಾಡಿ ತೋರಿಸಿದ. ಆ ಕಡೆ ಮುಖ ಮಾಡಿ ಮುಷ್ಟಿ ಬಿಚ್ಚಿದರು.

‘ಮಣ್ಣ ನೆಲಕ್ಕ ಬೀಳಲೇ ಇಲ್ರಿ. ಗಾಳಿ ಒಯ್ತು’ ಎಂದರು. ಅಲ್ಲಿಯ ಗಾಳಿ ಒಳನಾಡಿನಿಂದ ಸಮುದ್ರದ ಕಡೆಗೆ ಬೀಸುತ್ತದೆ, ಎಂದರೆ ಉತ್ತರಕ್ಕೆ. ಅದೊಂದನ್ನು ಹೇಳುವಾಗ ಮಾತ್ರ ಅವರಿಗೆ ತುಸು ಸಮಾಧಾನವಿದ್ದಂತೆ ಕಂಡಿತು. ನನಗೆ ಸಮಾಧಾನವಾಗಲಿಲ್ಲ. ಒಬ್ಬ ಮನುಷ್ಯ ಭೂಮಿಯ ತುದಿಯಲ್ಲಿ ನಿಂತು ಹಿಡಿಮಣ್ಣು ಕೆದರಿದ್ದನ್ನು ಇಲ್ಲಿ ಒಬ್ಬರೂ ನಂಬಲಿಲ್ಲವಲ್ಲ.

ನಾಗರ ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುವುದು ನಮ್ಮ ಪದ್ಧತಿ. ಅವ್ವನಿಲ್ಲದ ಮೇಲೆ ಅಕ್ಕನಿಗೆ ತವರೆಂದರೆ ಬೆಟಗೇರಿಯ ಈ ಮನೆ. ಪ್ರತಿ ಪಂಚಮಿಯ ಮೊದಲು ಅವರು ಖಾಲಿ ಸ್ಟೀಲಿನ ಡಬ್ಬಿಯೊಂದನ್ನು ಹಿಡಿದು, ‘ಶಿರಹಟ್ಟಿಗೆ ಹೊಂಟೀನ್ರಿ, ಅಕ್ಕನ್ನ ಕರಕೊಂಡು ಬರ್ತೀನಿ’ ಎಂದು ನನ್ನ ಕಿಟಕಿಗೆ ಹೇಳಿ ಹೋಗುತ್ತಿದ್ದರು. ಅಲ್ಲಿ ಕಟ್ಟೆಯ ಮೇಲೆ ಕೂಡುತ್ತಿದ್ದರು. ಅಕ್ಕ ನೀರು ಕಳಿಸುತ್ತಿದ್ದರು, ಊಟ ಕಳಿಸುತ್ತಿದ್ದರು, ಡಬ್ಬಿ ಒಳಗೆ ಹೋಗಿ ಶೇಂಗಾ ಉಂಡಿ ತುಂಬಿಕೊಂಡು ಹೊರಗೆ ಬರುತ್ತಿತ್ತು. ಅಕ್ಕ ಮಾತು ಬಿಟ್ಟಿದ್ದರು, ಉಂಡಿ ಬಿಟ್ಟಿರಲಿಲ್ಲ. ಸಂಜೆಗೆ ಇವರೊಬ್ಬರೇ ಮರಳಿ ಬಂದು ನನ್ನ ಮುಂದೆ ಡಬ್ಬಿ ತೆರೆಯುತ್ತಿದ್ದರು. ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದರು. ನಾನು ಒಂದು ಉಂಡಿ ತೆಗೆದುಕೊಂಡು ತಿನ್ನುತ್ತಿದ್ದೆ.

ಹೋದ ವರ್ಷ ಪಂಚಮಿ ಇನ್ನೂ ಮುಂದಿತ್ತು. ಬಿಟ್ಟೂಬಿಡದೆ ಮಳೆ. ಡಬ್ಬಿಯನ್ನು ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದ್ದರು. ಮುಂಜಾನೆ ಕರೆಂಟು ಹೋಗಿ ಮಗ್ಗಗಳು ನಿಂತವು. ನಾನು ರೂಢಿಯಂತೆ ಅವರ ಕಟ್ಟೆಯ ಕಡೆ ನೋಡಿದೆ. ಅವರು ಎದ್ದು ನಿಲ್ಲಲಿಲ್ಲ, ಗೋಡೆಗೆ ಒರಗಿ ಕೂತೇ ಇದ್ದರು. ಅವರು ಏಳದಿದ್ದಾಗಲೇ ನನಗೆ ತಿಳಿಯಿತು.

ಶಿರಹಟ್ಟಿಗೆ ನಾನೇ ಫೋನು ಹಚ್ಚಿದೆ. ಅಕ್ಕ ‘ಹೊಂಟೀನಿ’ ಎಂದಷ್ಟೇ ಹೇಳಿದರು. ಅವರ ಹೆಂಡತಿ ಕಣ್ಣೊರೆಸಿಕೊಂಡು, ಅಕ್ಕ ಬರುವ ತನಕ ಎತ್ತಬಾರದು ಎಂದರು. ಎಲ್ಲರೂ ಒಪ್ಪಿದರು. ಮಧ್ಯಾಹ್ನವಾಯಿತು, ಅಕ್ಕ ಬರಲಿಲ್ಲ. ಸ್ಮಶಾನದಿಂದ ಹೇಳಿಕಳಿಸಿದರು: ಎರೆಮಣ್ಣಿನ ಕುಣಿ, ಒಳಗೆ ನೀರು ಜಿನುಗುತ್ತಿದೆ, ಬದಿಗಳು ಕುಸಿಯುತ್ತಿವೆ, ಇನ್ನು ತಡೆದರೆ ಕುಣಿ ಉಳಿಯುವುದಿಲ್ಲ. ಹಿರಿಯರು ಎತ್ತಿಸಿದರು. ಕುಣಿಯ ಹತ್ತಿರ ಹೋದ ಮೇಲೂ ಅವರ ಹೆಂಡತಿ ಎಲ್ಲರನ್ನೂ ನಿಲ್ಲಿಸಿ ಹಾದಿಯನ್ನೇ ನೋಡುತ್ತಿದ್ದರು.

ಆಗ ನನ್ನ ಫೋನು ಬಡಿಯಿತು. ಅಕ್ಕನ ಮಗನ ಫೋನು, ಮಾತಾಡಿದ್ದು ಅಕ್ಕ. ಹಿಂದೆ ದೊಡ್ಡ ಸಪ್ಪಳ. ನಡುದಾರಿಯಲ್ಲಿ ಹಳ್ಳ ಬಂದು ಸೇತುವೆಯ ಮೇಲೆ ನೀರು ಹರಿಯುತ್ತಿದೆ, ಪೊಲೀಸರು ಗಾಡಿ ಬಿಡುತ್ತಿಲ್ಲ, ಲಕ್ಷ್ಮೇಶ್ವರದ ಕಡೆಯಿಂದ ಮುಳಗುಂದದ ಹಾದಿಯೂ ಬಂದ್ ಆಗಿದೆ ಎಂದರು. ಮುಂಡರಗಿ ಸುತ್ತಿ ಬರೋಣವೆಂದರೆ ಆ ಕಡೆ ಹೋದವರೂ ಅರ್ಧದಿಂದ ಮರಳಿದ್ದಾರೆ. ಮುಂಜಾನೆಯಿಂದ ಅಲ್ಲಿಯೇ ನಿಂತಿದ್ದಾರಂತೆ. ನಾನು ಕುಣಿಯ ಸ್ಥಿತಿ ಹೇಳಿದೆ. ಹೇಳುವಾಗ ನನ್ನ ದನಿ ನನಗೇ ನಿಷ್ಕರುಣಿಯ ದನಿಯಂತೆ ಕೇಳಿಸಿತು.

ಅಕ್ಕ ಕೇಳಿದರು:

‘ಇಲ್ಲಿಂದ ಬೆಟಗೇರಿ ಯಾವ ದಿಕ್ಕಿಗೆ ಬರ್ತೈತ್ರಿ?’

‘ಉತ್ತರಕ್ಕರಿ’ ಎಂದೆ.

ಆ ಕಡೆಯಿಂದ ಹಳ್ಳದ ಸಪ್ಪಳವಷ್ಟೇ ಬರುತ್ತಿತ್ತು. ಫೋನು ಕಡಿಯಿತೇನೋ ಎಂದು ನಾನು ಕಿವಿಯಿಂದ ತೆಗೆದು ನೋಡಿದೆ. ಕಡಿದಿರಲಿಲ್ಲ.

‘ಅಂವಗೂ ಉತ್ತರಕ್ಕ ಇತ್ತಂತಲ್ರಿ ನಮ್ಮೂರು’ ಎಂದರು ಅಕ್ಕ. ‘ಖರೇನ ಬರಾಕ ಆಗಿಲ್ಲ ಅಂವಗ.’ ಮತ್ತೆ, ದನಿ ಗಟ್ಟಿ ಮಾಡಿಕೊಂಡು, ‘ನಮ್ಮ ಸಲುವಾಗಿ ತಡೀಬ್ಯಾಡ್ರಿ. ಹಾಕ್ರಿ ಮಣ್ಣ. ನಾ ಇಲ್ಲೇ ಹಾಕ್ತೀನಿ’ ಎಂದರು.

ನಾನು ಫೋನನ್ನು ಅವರ ಹೆಂಡತಿಯ ಕೈಗೆ ಕೊಟ್ಟು, ಬಗ್ಗಿ ಒಂದು ಹಿಡಿ ಹಸಿ ಮಣ್ಣು ತೆಗೆದುಕೊಂಡು ಕುಣಿಯ ಹತ್ತಿರ ಹೋದೆ.